ದಡ್ಡ ಎನ್ನುವ ಮೊದಲು

ನಮ್ಮ ಹರಿಹರದ ದೇವರ ಹೆಸರನ್ನೇ ನೋಡಿ: ಹರಿಹರೇಶ್ವರ. ಬರೆದರೆ ಆರು ಅಕ್ಷರ, ಬಿಡಿಸಿದರೆ ಹದಿಮೂರು ಧ್ವನಿ. ಓದು ಬಲ್ಲವರಿಗೆ ಅದು ಒಂದೇ ಪದ. ಈ ಹದಿಮೂರು ಒಂದಾಗುವುದು ಹೇಗೆ ಎಂದು ಕೇಳುವ ಶಾಸ್ತ್ರವೇ ಸಂಜ್ಞಾನಾತ್ಮಕ ಮನೋವಿಜ್ಞಾನ.

ಮೈಸೂರು ವಿಶ್ವವಿದ್ಯಾಲಯದಲ್ಲಿ 1924ರಲ್ಲಿ ಎಂ.ವಿ. ಗೋಪಾಲಸ್ವಾಮಿಯವರು ಮನೋವಿಜ್ಞಾನ ವಿಭಾಗವನ್ನು ಆರಂಭಿಸಿದಾಗ ಅಮೆರಿಕದಲ್ಲಿ ವರ್ತನಾವಾದ ಬೆಳೆಯುತ್ತಿತ್ತು. ಮನಸ್ಸು ಕಣ್ಣಿಗೆ ಕಾಣದು, ಕಾಣುವ ವರ್ತನೆಯನ್ನಷ್ಟೇ ಅಳೆಯಿರಿ ಎಂಬುದು 1913ರಿಂದ ಜಾನ್ ವಾಟ್ಸನ್ ಹಿಡಿದ ವಾದ. ಕಂಪ್ಯೂಟರ್ ಬಂದ ಮೇಲೆ ಈ ವಾದ ಸಡಿಲವಾಯಿತು. ಯಂತ್ರದೊಳಗೆ ಮಾಹಿತಿ ಹಂತಹಂತವಾಗಿ ಸಾಗುವುದನ್ನು ವಿವರಿಸಬಹುದಾದರೆ ಮನಸ್ಸಿನೊಳಗಿನದನ್ನು ಏಕೆ ವಿವರಿಸಬಾರದು? 1956ರಲ್ಲಿ ಜಾರ್ಜ್ ಮಿಲ್ಲರ್, ನಾವು ಒಮ್ಮೆಗೆ ನೆನಪಿನಲ್ಲಿ ಹಿಡಿಯುವುದು ಸುಮಾರು ಏಳು ಘಟಕಗಳನ್ನು ಮಾತ್ರ ಎಂದು ಬರೆದರು. ನಂತರದ ಸಂಶೋಧಕರು ಅದನ್ನು ನಾಲ್ಕರ ಹತ್ತಿರಕ್ಕೆ ಇಳಿಸಿದ್ದಾರೆ. ಆದರೆ ಅಭ್ಯಾಸವಾದಂತೆ ಬಿಡಿ ಚೂರುಗಳು ಸೇರಿ ಒಂದು ಗಂಟಾಗುತ್ತವೆ. ಹದಿಮೂರು ಧ್ವನಿ ಆರು ಅಕ್ಷರವಾಗಿ, ಆರು ಅಕ್ಷರ ಒಂದು ಪದವಾಗುವುದು ಹೀಗೆಯೇ. 1967ರಲ್ಲಿ ಉಲ್ರಿಕ್ ನೈಸರ್ ಬರೆದ ಪುಸ್ತಕದಿಂದ ಈ ಶಾಸ್ತ್ರದ ಹೆಸರು ನೆಲೆಗೊಂಡಿತು.

ಕನ್ನಡ ಮಕ್ಕಳಿಗೆ ಇದು ನೇರವಾಗಿ ತಾಗುವ ವಿಷಯ. ಇಂಗ್ಲಿಷಿಗೆ 26 ಅಕ್ಷರ. ನಮಗೆ ಕಾಗುಣಿತ, ಒತ್ತಕ್ಷರ ಸೇರಿ ನೂರಾರು ರೂಪ. ಬೆಂಗಳೂರಿನ ಸೊನಾಲಿ ನಾಗ್ 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕನ್ನಡ ಅಕ್ಷರಗಳ ಕಲಿಕೆ ನಾಲ್ಕನೇ ತರಗತಿಯವರೆಗೂ ಮುಂದುವರಿಯುವುದು ಕಂಡುಬಂತು. ಅದು ಮಗುವಿನ ಕೊರತೆಯಲ್ಲ, ಲಿಪಿ ಬೇಡುವ ಕಾಲ.

ನನ್ನ ಪ್ರಾಥಮಿಕ ಶಾಲೆಯ ಗೆಳೆಯನೊಬ್ಬ ಬಾಯಿಲೆಕ್ಕದಲ್ಲಿ ನಮ್ಮೆಲ್ಲರಿಗಿಂತ ಮುಂದಿದ್ದ. ಉಕ್ತಲೇಖನದ ಒತ್ತಕ್ಷರದಲ್ಲಿ ಮಾತ್ರ ಎಡವುತ್ತಿದ್ದ. ದಡ್ಡ ಎನಿಸಿಕೊಂಡು ಏಳನೇ ತರಗತಿಗೇ ಓದು ಬಿಟ್ಟು ದಾವಣಗೆರೆಯ ಮಂಡಕ್ಕಿ ಭಟ್ಟಿಗೆ ಹೋದ. ಈ ಪ್ರೌಢಶಾಲೆಯ ಹಳೆಯ ವಿದ್ಯಾರ್ಥಿಗಳ ಪಟ್ಟಿಯಲ್ಲಿ ಅವನ ಹೆಸರಿಲ್ಲ.

ನಾನು ಬಿಇ ಓದಿ ಸೇರಿದ ಸಾಫ್ಟ್‌ವೇರ್ ಕೆಲಸದಲ್ಲಿ, ತಪ್ಪು ಉತ್ತರ ಬಂದರೆ ಪ್ರೋಗ್ರಾಮನ್ನು ಎಸೆಯುವುದಿಲ್ಲ. ಯಾವ ಹಂತದಲ್ಲಿ ತಪ್ಪಿತೆಂದು ಒಂದೊಂದೇ ಸಾಲು ನೋಡುತ್ತೇವೆ. ಅಷ್ಟು ತಾಳ್ಮೆ ಮಗುವಿಗೂ ಸಲ್ಲಬೇಕು. ಸುವರ್ಣ ಮಹೋತ್ಸವದ ಈ ಹೊತ್ತಿನಲ್ಲಿ ನನ್ನ ಗುರುಗಳಲ್ಲಿಯೂ ಮುಂದೆ ಗುರುಗಳಾಗುವ ತಮ್ಮ ತಂಗಿಯರಲ್ಲಿಯೂ ನನ್ನದೊಂದೇ ವಿನಂತಿ: ಅಂಕ ಹಾಕುವ ಮೊದಲು ಮಗುವನ್ನು ಒಮ್ಮೆ ಕೇಳಿ, "ಇದನ್ನು ಹೇಗೆ ಯೋಚಿಸಿದೆ, ಹೇಳು ನೋಡೋಣ."