ಟ್ರಯಥ್ಲಾನ್ ಸಿದ್ಧತೆಯಲ್ಲಿ ಮಾನಸಿಕ ಚಿತ್ರಣ: ಸಂಕ್ರಮಣ ಘಟ್ಟಗಳ ಮಹತ್ವ

ಈಜು, ಸೈಕಲ್ ಸವಾರಿ ಮತ್ತು ಓಟಗಳನ್ನು ಬಿಡುವಿಲ್ಲದೆ ಒಂದರ ಬೆನ್ನಿಗೊಂದರಂತೆ ಪೂರೈಸಬೇಕಾದ ಟ್ರಯಥ್ಲಾನ್, 1974ರಲ್ಲಿ ಅಮೆರಿಕದ ಸ್ಯಾನ್ ಡಿಯಾಗೋದಲ್ಲಿ ಈ ಹೆಸರಿನಿಂದ ನಡೆದು, 2000ದ ಸಿಡ್ನಿ ಒಲಿಂಪಿಕ್ಸ್‌ನಲ್ಲಿ ಪದಕ ಸ್ಪರ್ಧೆಯಾಯಿತು. ಒಲಿಂಪಿಕ್ಸ್‌ನಲ್ಲಿ ಇದರ ಅಳತೆ 1.5 ಕಿ.ಮೀ. ಈಜು, 40 ಕಿ.ಮೀ. ಸೈಕಲ್ ಸವಾರಿ ಮತ್ತು 10 ಕಿ.ಮೀ. ಓಟ. ಇಂಥ ಸ್ಪರ್ಧೆಗೆ ದೇಹವನ್ನು ಹುರಿಗೊಳಿಸುವ ಜೊತೆಗೆ ಮಾನಸಿಕ ಚಿತ್ರಣವನ್ನೂ, ಅಂದರೆ ಒಂದು ಕ್ರಿಯೆಯನ್ನು ಅದರ ನೋಟ, ಸದ್ದು, ಸ್ಪರ್ಶ ಹಾಗೂ ಸ್ನಾಯುಗಳ ಬಿಗಿತದ ಸಮೇತ ಮನಸ್ಸಿನಲ್ಲೇ ನಡೆಸಿನೋಡುವ ಉದ್ದೇಶಪೂರ್ವಕ ಅಭ್ಯಾಸವನ್ನೂ, ಬಳಸುವುದುಂಟು. ಈ ಅಭ್ಯಾಸದ ಫಲ ಸ್ಪರ್ಧೆಯ ಎಲ್ಲ ಭಾಗಗಳಿಗೂ ಸಮನಾಗಿ ದಕ್ಕುವುದಿಲ್ಲವೆಂಬುದು ಪ್ರಸ್ತುತ ಲೇಖನದ ವಾದ.

ಚಲನೆಯನ್ನು ಕಲ್ಪಿಸಿಕೊಂಡಾಗಲೂ ಸಂಬಂಧಿತ ಸ್ನಾಯುಗಳಲ್ಲಿ ಸೂಕ್ಷ್ಮ ವಿದ್ಯುತ್ ಚಟುವಟಿಕೆ ಕಾಣಿಸುತ್ತದೆಂದು ಎಡ್ಮಂಡ್ ಜೇಕಬ್‌ಸನ್ 1930ರ ದಶಕದ ಆರಂಭದಲ್ಲೇ ದಾಖಲಿಸಿದ್ದರು. ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ 1983ರಲ್ಲಿ ಫೆಲ್ಟ್ಜ್ ಮತ್ತು ಲ್ಯಾಂಡರ್ಸ್, 1994ರಲ್ಲಿ ಡ್ರಿಸ್ಕೆಲ್ ಮತ್ತು ಸಂಗಡಿಗರು ನಡೆಸಿದ ವಿಶ್ಲೇಷಣೆಗಳು, ಮಾನಸಿಕ ಅಭ್ಯಾಸವು ಏನನ್ನೂ ಮಾಡದಿರುವುದಕ್ಕಿಂತ ಮೇಲೆಂದೂ, ಅನುಕ್ರಮ ಮತ್ತು ನಿರ್ಧಾರಗಳನ್ನು ಬೇಡುವ ಕೆಲಸಗಳಲ್ಲಿ ಅದರ ಪರಿಣಾಮ ಹೆಚ್ಚೆಂದೂ ತೋರಿಸಿದವು. ಆದರೆ ದೈಹಿಕ ಅಭ್ಯಾಸಕ್ಕೆ ಅದು ಸರಿಸಾಟಿಯಲ್ಲ.

ಈ ಫಲಿತಾಂಶವನ್ನು ಟ್ರಯಥ್ಲಾನ್‌ಗೆ ಅನ್ವಯಿಸಿದರೆ, ಸಹನಶಕ್ತಿಯನ್ನು ಕಲ್ಪನೆಯಿಂದ ಗಳಿಸಲಾಗದಿದ್ದರೂ, ಒಂದು ಕ್ರೀಡೆಯಿಂದ ಇನ್ನೊಂದಕ್ಕೆ ದಾಟುವ ಸಂಕ್ರಮಣ ಘಟ್ಟಗಳು ಚಿತ್ರಣಕ್ಕೆ ಹೇಳಿಮಾಡಿಸಿದಂತಿವೆ. ನೀರಿನಿಂದೆದ್ದವರು ಕನ್ನಡಕ ಮತ್ತು ಟೋಪಿ ಕಳಚುತ್ತ ಓಡಿ, ಸಾಲುಸಾಲು ಸೈಕಲ್‌ಗಳ ನಡುವೆ ತಮ್ಮದನ್ನು ಗುರುತಿಸಿ, ಅದನ್ನು ಮುಟ್ಟುವ ಮೊದಲೇ ಹೆಲ್ಮೆಟ್‌ನ ಪಟ್ಟಿಯನ್ನು ಬಿಗಿದು, ಸವಾರಿ ಆರಂಭಕ್ಕೆಂದು ಗುರುತಿಸಿದ ಗೆರೆ ದಾಟಿದ ಮೇಲಷ್ಟೇ ಸೈಕಲ್ ಏರಬೇಕು. ಈ ಕ್ರಮ ತಪ್ಪಿದರೆ ದಂಡನೆಯುಂಟು. ಎರಡನೆಯ ಘಟ್ಟದಲ್ಲಿ, ಪೆಡಲ್‌ಗೆ ಒಗ್ಗಿದ ಕಾಲುಗಳು ಓಟದ ಮೊದಲ ಹೆಜ್ಜೆಗಳಲ್ಲಿ ಭಾರವೆನಿಸುವ ಅನುಭವವನ್ನೂ ಚಿತ್ರಣದಲ್ಲಿ ಸೇರಿಸಬೇಕಾಗುತ್ತದೆ. ಹೋಮ್ಸ್ ಮತ್ತು ಕಾಲಿನ್ಸ್ 2001ರಲ್ಲಿ ಮಂಡಿಸಿದ ‘ಪೆಟ್‌ಲೆಪ್’ ಮಾದರಿಯು ದೇಹಸ್ಥಿತಿ, ಪರಿಸರ, ಕಾರ್ಯ, ಕಾಲಗತಿ, ಕಲಿಕೆ, ಭಾವನೆ ಮತ್ತು ದೃಷ್ಟಿಕೋನಗಳೆಂಬ ಏಳು ಅಂಶಗಳಲ್ಲಿ ಕಲ್ಪನೆಯು ವಾಸ್ತವಕ್ಕೆ ಹತ್ತಿರವಿರಬೇಕೆನ್ನುತ್ತದೆ. ಅದರಂತೆ, ಸ್ಪರ್ಧೆಯ ಉಡುಪಿನಲ್ಲೇ ನಿಂತು, ನಿಜವಾಗಿ ಹಿಡಿಯುವಷ್ಟೇ ಸಮಯದಲ್ಲಿ ಈ ಸರಣಿಯನ್ನು ನಡೆಸಿನೋಡುವುದು, ಮಲಗಿ ವಿಜಯದ ಕನಸು ಕಾಣುವುದಕ್ಕಿಂತ ಉಪಯುಕ್ತ.

ಅವಘಡಗಳಿಗೂ ಇದೇ ಸಿದ್ಧತೆ ನೆರವಾಗುತ್ತದೆ. 2008ರ ಬೀಜಿಂಗ್ ಒಲಿಂಪಿಕ್ಸ್‌ನ 200 ಮೀಟರ್ ಬಟರ್‌ಫ್ಲೈ ಫೈನಲ್‌ನಲ್ಲಿ ಕನ್ನಡಕದೊಳಗೆ ನೀರು ತುಂಬಿ ಏನೂ ಕಾಣದಾದಾಗ, ಇಂಥ ತೊಡಕುಗಳನ್ನೂ ಮನಸ್ಸಿನಲ್ಲಿ ಅಭ್ಯಸಿಸುತ್ತಿದ್ದ ಮೈಕೇಲ್ ಫೆಲ್ಪ್ಸ್ ತಮ್ಮ ಕೈಬೀಸುಗಳನ್ನೆಣಿಸಿ ಗೋಡೆಯನ್ನು ಅಂದಾಜು ಮಾಡಿ, ವಿಶ್ವದಾಖಲೆಯೊಂದಿಗೆ ಗೆದ್ದರು. ಆದರೆ ತೊಡಕನ್ನು ಕಲ್ಪಿಸಿ ಅಲ್ಲಿಗೇ ನಿಲ್ಲಿಸುವುದು ಅಪಾಯಕರ. 1985ರಲ್ಲಿ ವುಲ್‌ಫೋಕ್ ಮತ್ತು ಸಂಗಡಿಗರು ಗಾಲ್ಫ್ ಕುರಿತು ನಡೆಸಿದ ಪ್ರಯೋಗದಲ್ಲಿ, ಗುರಿ ತಪ್ಪುವುದನ್ನು ಕಲ್ಪಿಸಿಕೊಂಡವರ ಸಾಧನೆ ಕುಸಿದಿತ್ತು. ಆದ್ದರಿಂದ ಟಯರ್ ಪಂಕ್ಚರ್ ಆದುದನ್ನು ಚಿತ್ರಿಸಿಕೊಳ್ಳುವವರು ಟ್ಯೂಬ್ ಬದಲಿಸಿ ಮತ್ತೆ ಲಯ ಹಿಡಿಯುವವರೆಗೂ ಅದನ್ನು ಮುಂದುವರಿಸತಕ್ಕದ್ದು.

ಒಟ್ಟಿನಲ್ಲಿ, ಮಾನಸಿಕ ಚಿತ್ರಣವು ಮೈದಣಿವಿನ ಅಭ್ಯಾಸಕ್ಕೆ ಪೂರಕವೇ ಹೊರತು ಪರ್ಯಾಯವಲ್ಲ. ಸ್ಪರ್ಧೆಯ ದೂರವನ್ನು ದೇಹಕ್ಕೆ ಬಿಟ್ಟು, ಸಂಕ್ರಮಣ ಮತ್ತು ಸಂಕಟದ ಕ್ಷಣಗಳನ್ನು ಮನಸ್ಸಿಗೆ ಒಪ್ಪಿಸುವ ವೇಳಾಪಟ್ಟಿಯನ್ನು ತರಬೇತುದಾರರು ರೂಪಿಸಿದರೆ ಈ ವಿಧಾನ ಸಾರ್ಥಕವಾಗುತ್ತದೆ.