ಟೊಯೊಟಾ ಪ್ರಿಯಸ್ ಬ್ರೇಕ್ ದೋಷ ಮತ್ತು ಹಿಂಪಡೆತ (2010)

ಜಪಾನಿನ ಟೊಯೊಟಾ ಸಂಸ್ಥೆಯು ತನ್ನ ಹೈಬ್ರಿಡ್ ಕಾರುಗಳ ಬ್ರೇಕ್ ವ್ಯವಸ್ಥೆಯಲ್ಲಿದ್ದ ತಂತ್ರಾಂಶದ ದೋಷವನ್ನು ಸರಿಪಡಿಸಲು 2010ರ ಫೆಬ್ರವರಿ 9ರಂದು ಈ ಹಿಂಪಡೆತವನ್ನು ಘೋಷಿಸಿತು. ಮೂರನೆಯ ಪೀಳಿಗೆಯ ಪ್ರಿಯಸ್, ಲೆಕ್ಸಸ್ ಎಚ್‌ಎಸ್ 250ಎಚ್ ಸೇರಿದಂತೆ ಜಗತ್ತಿನಾದ್ಯಂತ ಸುಮಾರು 4.37 ಲಕ್ಷ ವಾಹನಗಳು ಇದರ ವ್ಯಾಪ್ತಿಗೆ ಬಂದವು.

ದೋಷದ ಸ್ವರೂಪ

ಹೈಬ್ರಿಡ್ ಕಾರಿನಲ್ಲಿ ಎರಡು ಬಗೆಯ ಬ್ರೇಕ್‌ಗಳಿರುತ್ತವೆ. ಮೊದಲನೆಯದರಲ್ಲಿ ವಿದ್ಯುತ್ ಮೋಟಾರೇ ಜನರೇಟರಿನಂತೆ ವರ್ತಿಸಿ, ಕಾರಿನ ಚಲನಶಕ್ತಿಯನ್ನು ವಿದ್ಯುತ್ತಾಗಿ ಬ್ಯಾಟರಿಗೆ ತುಂಬುತ್ತ ವೇಗವನ್ನು ತಗ್ಗಿಸುತ್ತದೆ. ಎರಡನೆಯದು ಸಾಮಾನ್ಯ ಕಾರುಗಳಲ್ಲಿರುವಂತಹ ದ್ರವಚಾಲಿತ ಬ್ರೇಕ್. ಉಬ್ಬುತಗ್ಗಿನ ಅಥವಾ ಜಾರುವ ರಸ್ತೆಯಲ್ಲಿ ಬ್ರೇಕ್ ಒತ್ತಿದಾಗ, ಚಕ್ರಗಳು ಬಿಗಿದುಕೊಳ್ಳದಂತೆ ತಡೆಯುವ ಎಬಿಎಸ್ ಚಾಲನೆಗೊಂಡು, ಮೊದಲನೆಯದರಿಂದ ಎರಡನೆಯದಕ್ಕೆ ಬದಲಾಗುವ ಹೊತ್ತಿನಲ್ಲಿ ಹಿಡಿತವು ಕ್ಷಣಕಾಲ ಸಡಿಲವಾಗುತ್ತಿತ್ತು. ಪೆಡಲನ್ನು ಇನ್ನಷ್ಟು ಒತ್ತಿದರೆ ಕಾರು ನಿಲ್ಲುತ್ತಿತ್ತು. ಆದರೆ ಈ ವಿಳಂಬ ಅಲ್ಪವೆನ್ನುವಂತಿಲ್ಲ: ಗಂಟೆಗೆ 40 ಕಿ.ಮೀ. ವೇಗದಲ್ಲಿರುವ ಕಾರು ಒಂದೇ ಸೆಕೆಂಡಿನಲ್ಲಿ ಸುಮಾರು 11 ಮೀಟರ್ ಮುಂದೆ ಸಾಗಿರುತ್ತದೆ.

ಟೀಕೆ ಮತ್ತು ಪರಿಹಾರ

ಸಂಸ್ಥೆಯು ಮೊದಲು ಇದನ್ನು ಚಾಲಕರ ಅನುಭವಕ್ಕೆ ಸಂಬಂಧಿಸಿದ ವಿಷಯವೆಂದು ವಿವರಿಸಿತ್ತು. 2010ರ ಜನವರಿಯಿಂದ ತಯಾರಾದ ಕಾರುಗಳಲ್ಲಿ ತಂತ್ರಾಂಶವನ್ನು ಬದಲಿಸಿದ್ದರೂ, ಅದಕ್ಕೂ ಮುನ್ನ ಕಾರು ಕೊಂಡವರಿಗೆ ಆ ಸಂಗತಿಯನ್ನು ತಿಳಿಸಿರಲಿಲ್ಲ. ದೋಷಕ್ಕಿಂತಲೂ ಈ ಮೌನವೇ ಹೆಚ್ಚು ಟೀಕೆಗೆ ಗುರಿಯಾಯಿತೆನ್ನಬಹುದು. ವೇಗವರ್ಧಕ ಪೆಡಲಿನ ದೋಷಕ್ಕಾಗಿ ಲಕ್ಷಾಂತರ ಕಾರುಗಳನ್ನು ಆಗಷ್ಟೇ ಹಿಂಪಡೆಯಲಾಗಿತ್ತು. ಫೆಬ್ರವರಿ 24ರಂದು ಸಂಸ್ಥೆಯ ಅಧ್ಯಕ್ಷ ಅಕಿಯೊ ಟೊಯೊಡಾ ಅಮೆರಿಕದ ಸಂಸತ್ ಸಮಿತಿಯೆದುರು ಹಾಜರಾಗಿ ಕ್ಷಮೆ ಕೋರಿದರು.

ದುರಸ್ತಿಗೆ ಬಿಡಿಭಾಗಗಳ ಬದಲಾವಣೆ ಬೇಕಾಗಲಿಲ್ಲ. ಮಾರಾಟಗಾರರ ಬಳಿ ಎಬಿಎಸ್ ನಿಯಂತ್ರಕದ ತಂತ್ರಾಂಶವನ್ನು ಉಚಿತವಾಗಿ ಪರಿಷ್ಕರಿಸಲಾಯಿತು.