ದೋಷ ಹುಡುಕುವ ವಿದ್ಯೆ: ಗಾಳಿ ಕೊಳವೆಯಿಂದ ನೆಟ್‌ವರ್ಕ್‌ವರೆಗೆ

ಆಸ್ಪತ್ರೆ, ವಿಮಾನ ನಿಲ್ದಾಣ, ಐ.ಟಿ. ಕಚೇರಿಗಳಂಥ ದೊಡ್ಡ ಕಟ್ಟಡಗಳ ತಂಪು, ಗಾಳಿ, ನೀರು, ಬೆಳಕನ್ನು ಈಗ ಕಂಟ್ರೋಲರ್‌ಗಳೇ ನೋಡಿಕೊಳ್ಳುತ್ತವೆ. ಅವು ದಾರಿ ತಪ್ಪಿದಾಗ ಕಾರಣ ಕಂಡುಹಿಡಿಯುವುದು ಬೇರೆಯೇ ಒಂದು ವಿದ್ಯೆ. ಉಪಕರಣಗಳು ಮತ್ತೆ ಮತ್ತೆ ಬದಲಾದರೂ ಈ ವಿದ್ಯೆಯ ತಿರುಳು ಬದಲಾಗಿಲ್ಲ. ಅದನ್ನು ಕಲಿಸುವ ಕ್ರಮ ಮಾತ್ರ ಇನ್ನೂ ಎಲ್ಲ ಊರುಗಳಿಗೆ ತಲುಪಿಲ್ಲ.

ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ಪ್ರಾಧ್ಯಾಪಕರಾಗಿದ್ದ ವಾರೆನ್ ಜಾನ್ಸನ್ 1883ರಲ್ಲಿ ಕೋಣೆಯ ಉಷ್ಣತೆಯನ್ನು ತಿಳಿಸುವ ವಿದ್ಯುತ್ ಥರ್ಮೊಸ್ಟ್ಯಾಟ್‌ಗೆ ಪೇಟೆಂಟ್ ಪಡೆದರು. ಮುಂದೆ ಒತ್ತಿದ ಗಾಳಿಯೇ ಸಂಕೇತವಾಯಿತು. ದಶಕಗಳ ಕಾಲ ಕಟ್ಟಡಗಳು 3ರಿಂದ 15 ಪಿ.ಎಸ್.ಐ. ಒತ್ತಡದಲ್ಲಿ ಮಾತಾಡಿದವು. ಆಗಿನ ಮೆಕ್ಯಾನಿಕ್‌ಗೆ ಸೋರಿಕೆಯ ಸದ್ದು ಕೇಳುವ ಕಿವಿ, ಒತ್ತಡದ ಗೇಜು ಸಾಕಿತ್ತು. ಹಿರಿಯರ ಜೊತೆ ಓಡಾಡಿ ಕಲಿಯುವುದೇ ತರಬೇತಿ.

ಎಲೆಕ್ಟ್ರಾನಿಕ್ಸ್ ಬಂದಮೇಲೆ 4ರಿಂದ 20 ಮಿಲಿಆಂಪಿಯರ್ ಸಂಕೇತ ರೂಢಿಯಾಯಿತು. ಇದರಲ್ಲಿ ದೋಷಪತ್ತೆಯ ಜಾಣ್ಮೆ ಮೊದಲೇ ಹೆಣೆದುಕೊಂಡಿದೆ. ಅಳತೆ ಕನಿಷ್ಠಕ್ಕಿಳಿದರೂ 4 ಮಿಲಿಆಂಪಿಯರ್ ಹರಿಯುತ್ತಲೇ ಇರಬೇಕು. ಸೊನ್ನೆ ತೋರಿಸಿದರೆ ತಂತಿ ತುಂಡಾಗಿದೆ ಇಲ್ಲವೇ ವಿದ್ಯುತ್ ಪೂರೈಕೆ ಹೋಗಿದೆ ಎಂದರ್ಥ. 1980ರ ದಶಕದಲ್ಲಿ ಮೈಕ್ರೊಪ್ರೊಸೆಸರ್ ಆಧಾರಿತ ಕಂಟ್ರೋಲರ್‌ಗಳು ಹರಡಿದವು. ಕಂಪನಿಗೊಂದು ಭಾಷೆ ಎಂಬ ತೊಡಕನ್ನು ನೀಗಲು ಅಮೆರಿಕದ ಹವಾನಿಯಂತ್ರಣ ಎಂಜಿನಿಯರುಗಳ ಸಂಘವಾದ ಆಶ್ರೇ 1987ರಲ್ಲಿ ಕೆಲಸ ಆರಂಭಿಸಿ, 1995ರಲ್ಲಿ ಎಲ್ಲ ಕಂಟ್ರೋಲರ್‌ಗಳಿಗೂ ಸಮಾನ ಭಾಷೆಯಾಗುವ ಬ್ಯಾಕ್‌ನೆಟ್ ಮಾನದಂಡ ಪ್ರಕಟಿಸಿತು. ಅಲ್ಲಿಂದ ಹೊಸ ಬಗೆಯ ದೋಷಗಳೂ ಬಂದವು: ಎರಡು ಕಂಟ್ರೋಲರ್‌ಗಳಿಗೆ ಒಂದೇ ವಿಳಾಸ, ಕೇಬಲ್ಲಿನ ಎರಡೂ ತುದಿಗಳಲ್ಲಿರಬೇಕಾದ 120 ಓಮ್ ರೆಸಿಸ್ಟರ್ ಇಲ್ಲದಿರುವುದು, ಪ್ರೋಗ್ರಾಮಿನಲ್ಲಿ ಯಾರೋ ಕೈಯಾರೆ ಮಾಡಿದ ಬದಲಾವಣೆ ಹಾಗೆಯೇ ಉಳಿದಿರುವುದು.

1990ರ ದಶಕದಲ್ಲಿ ಅಂತರರಾಷ್ಟ್ರೀಯ ಇಂಧನ ಸಂಸ್ಥೆಯ ಅನೆಕ್ಸ್ 25 ಮತ್ತು 34 ಎಂಬ ಯೋಜನೆಗಳು ದೋಷಪತ್ತೆಯನ್ನೇ ಸಂಶೋಧನೆಯ ವಸ್ತುವಾಗಿಸಿದವು. 2018ರಲ್ಲಿ ಬಂದ ಆಶ್ರೇ ಗೈಡ್‌ಲೈನ್ 36, ಕಂಟ್ರೋಲರೇ ತನ್ನ ದೋಷ ಗುರುತಿಸುವ ನಿಯಮಗಳನ್ನೂ ಕೊಟ್ಟಿತು. ಆದರೂ ಪರದೆ ತೋರಿಸುವುದು ಲಕ್ಷಣವನ್ನು ಮಾತ್ರ. ತಣ್ಣೀರಿನ ವಾಲ್ವ್ ನೂರಕ್ಕೆ ನೂರು ತೆರೆದಿದೆ ಎಂದು ಕಂಪ್ಯೂಟರ್ ಹೇಳುತ್ತದೆ, ಕೋಣೆಗೆ ಬರುವ ಗಾಳಿ ಮಾತ್ರ ಬಿಸಿ. ಪಳಗಿದವರು ತಕ್ಷಣ ಬಿಡಿಭಾಗ ಬದಲಿಸುವುದಿಲ್ಲ. ಸೆನ್ಸರಿನಿಂದ ವಾಲ್ವಿನವರೆಗಿನ ಸರಪಳಿಯನ್ನು ನಡುವೆ ಸೀಳಿ, ಕಂಟ್ರೋಲರ್‌ನಿಂದ ಹೊರಡುವ ವೋಲ್ಟೇಜನ್ನು ಮೀಟರಿನಲ್ಲಿ ಅಳೆಯುತ್ತಾರೆ. ಅದು ಸರಿಯಿದ್ದರೆ ಹಿಂದಿನ ಅರ್ಧಭಾಗ ಲೆಕ್ಕದಿಂದ ಹೊರಗೆ. ಉಳಿದರ್ಧವನ್ನು ಮತ್ತೆ ಸೀಳುತ್ತ ಹೋದರೆ, ವಾಲ್ವಿನ ದಂಡದ ಮೇಲೆ ಜಾರುತ್ತಿರುವ ಕ್ಲ್ಯಾಂಪು ಸಿಗಬಹುದು.

ಕರಾವಳಿಯಲ್ಲಿ ಈ ಶಿಸ್ತು ಇನ್ನೂ ಹೆಚ್ಚು ಅಗತ್ಯ. ಕಾರವಾರ, ಅಂಕೋಲಾಗಳ ಉಪ್ಪುಗಾಳಿ, ಮಳೆಗಾಲದ ತೇವ ಟರ್ಮಿನಲ್‌ಗಳಿಗೆ ಹಸಿರು ಕಿಲುಬು ಹಿಡಿಸುತ್ತವೆ. ಉಷ್ಣತೆ ಅಳೆಯುವ ಥರ್ಮಿಸ್ಟರ್‌ನ ಎರಡು ತಂತಿಗಳ ನಡುವೆ ತೇವ ಸೇರಿದರೆ ರೋಧ ತಗ್ಗಿ, ಅದು ಇರುವುದಕ್ಕಿಂತ ಹೆಚ್ಚು ಬಿಸಿ ತೋರಿಸುತ್ತದೆ. ಕಂಟ್ರೋಲರ್ ಅದನ್ನೇ ನಂಬಿ ಬೇಡದ ತಂಪು ಸುರಿಯುತ್ತದೆ. ವಿದ್ಯುತ್ ಬಿಲ್ ಏರುತ್ತದೆ, ಅಲಾರಂ ಮಾತ್ರ ಹೊಡೆಯುವುದಿಲ್ಲ.

ಕರ್ನಾಟಕದಲ್ಲಿ ಈ ಕಲಿಕೆಗೆ ಬುನಾದಿ ಐ.ಟಿ.ಐ.ಗಳು. ಇನ್‌ಸ್ಟ್ರುಮೆಂಟ್ ಮೆಕ್ಯಾನಿಕ್, ರೆಫ್ರಿಜರೇಷನ್ ಮತ್ತು ಏರ್ ಕಂಡೀಷನಿಂಗ್ ಎಂಬ ಎರಡು ವರ್ಷದ ಟ್ರೇಡುಗಳು ಈ ವಿದ್ಯೆಗೆ ಹತ್ತಿರದವು. ಮೇಲ್ವಿಚಾರಕರಿಗಾಗಿ 1971ರಲ್ಲಿ ಬೆಂಗಳೂರಿನಲ್ಲಿ ಫೋರ್‌ಮನ್ ತರಬೇತಿ ಸಂಸ್ಥೆ ಶುರುವಾಯಿತು. 2022ರಲ್ಲಿ ರಾಜ್ಯದ 150 ಸರ್ಕಾರಿ ಐ.ಟಿ.ಐ.ಗಳು ಟಾಟಾ ಟೆಕ್ನಾಲಜೀಸ್ ಸಹಯೋಗದಲ್ಲಿ ಮೇಲ್ದರ್ಜೆಗೇರಿದವು. ಕಟ್ಟಡ ನಿಯಂತ್ರಣದ ಮುಂದುವರಿದ ಪಾಠ ಮಾತ್ರ ಬಹುಪಾಲು ದೊಡ್ಡ ನಗರಗಳಲ್ಲಿ, ಕಂಪನಿಗಳ ಒಳಗೇ ನಡೆಯುತ್ತಿದೆ.

ಇಂಥ ಪಾಠವನ್ನು ಚಿಕ್ಕ ಊರಿಗೂ ತರಲು ಮಾದರಿ ದೂರವಿಲ್ಲ. ಕಾರವಾರ ತಾಲೂಕಿನಲ್ಲೇ ಕೈಗಾ ಅಣು ವಿದ್ಯುತ್ ಸ್ಥಾವರವಿದೆ. ಅದರ ಮೊದಲ ಘಟಕ 2016ರ ಮೇ 13ರಿಂದ 2018ರ ಡಿಸೆಂಬರ್ 31ರವರೆಗೆ 962 ದಿನ ಎಡೆಬಿಡದೆ ನಡೆದು ಆಗಿನ ವಿಶ್ವದಾಖಲೆ ಬರೆಯಿತು. ಕೈಗಾದ ಹೊಣೆ ಹೊತ್ತ ಅಣು ವಿದ್ಯುತ್ ನಿಗಮ ಐ.ಟಿ.ಐ., ಡಿಪ್ಲೊಮಾ ಓದಿದವರನ್ನು ಸ್ಟೈಪೆಂಡ್ ಕೊಟ್ಟು ತರಬೇತಿಗೆ ತೆಗೆದುಕೊಳ್ಳುತ್ತದೆ. ಸ್ಥಾವರ ನಡೆಸುವವರು ಸಿಮ್ಯುಲೇಟರ್ ಮುಂದೆ ಕೂತು, ಬೇಕೆಂದೇ ಹುಟ್ಟಿಸಿದ ದೋಷಗಳನ್ನು ಎದುರಿಸಿ ಪಳಗುತ್ತಾರೆ.

ಕಟ್ಟಡಗಳ ತಂತ್ರಜ್ಞರಿಗೂ ಬೇಕಾದದ್ದು ಇದೇ. ಗಾಳಿಯನ್ನು ತಂಪಾಗಿಸಿ ಹರಿಸುವ ಒಂದು ಪುಟ್ಟ ಏರ್ ಹ್ಯಾಂಡ್ಲಿಂಗ್ ಯೂನಿಟ್, ಕೆಲವು ಕಂಟ್ರೋಲರ್‌ಗಳು, ಶಿಕ್ಷಕರ ಕೈಯಲ್ಲಿ ದೋಷ ಹುಟ್ಟಿಸುವ ಸ್ವಿಚ್ಚುಗಳು ಇಷ್ಟಿದ್ದರೆ ಕಾರವಾರದ ಐ.ಟಿ.ಐ.ಯಲ್ಲೇ ಈ ಪಾಠ ಕನ್ನಡದಲ್ಲಿ ನಡೆದೀತು; ತಾಲೂಕಿನ ಹಣಕೋಣದಂಥ ಹಳ್ಳಿಗಳ ಹುಡುಗ ಹುಡುಗಿಯರು ಇದಕ್ಕಾಗಿ ಬೆಂಗಳೂರಿಗೋ ಗೋವಾಕ್ಕೋ ಹೋಗಬೇಕಿಲ್ಲ. ಪರೀಕ್ಷೆಯಲ್ಲಿ ಯಾವ ಭಾಗ ಬದಲಿಸಿದರು ಎಂಬುದಕ್ಕಿಂತ, ಯಾವ ಅಳತೆಯಿಂದ ಯಾವ ಅನುಮಾನವನ್ನು ಕೈಬಿಟ್ಟರು ಎಂಬುದಕ್ಕೆ ಹೆಚ್ಚು ಅಂಕ ಸಿಗಬೇಕು. ಹಾಗೆ ಕಲಿತವರು ನಾಳೆ ಬರುವ ಹೊಸ ಕಂಟ್ರೋಲರ್‌ಗೂ ಹೆದರುವುದಿಲ್ಲ.